ಲೆಕ್ಕ ತೀರಿದ ಪುಸ್ತಕಗಳು

1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹೊಸದೊಂದು ಬ್ಯಾಂಕು ಬಾಗಿಲು ತೆರೆಯಿತು. ಹಾಜಿ ಅಬ್ದುಲ್ಲಾ ಸಾಹೇಬರು ಊರಿನ ಹಲವರನ್ನು ಜೊತೆಗೂಡಿಸಿಕೊಂಡು ಐದು ಸಾವಿರ ರೂಪಾಯಿ ಬಂಡವಾಳದಲ್ಲಿ ಶುರುಮಾಡಿದ ಬ್ಯಾಂಕು ಅದು. ಮೊದಲ ದಿನದ ವ್ಯವಹಾರ ಮುಗಿಸಿ ಲೆಕ್ಕ ಕಟ್ಟಿದಾಗ ಇದ್ದದ್ದು 38 ರೂಪಾಯಿ 13 ಆಣೆ 2 ಪೈ. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ ಇದ್ದ ಕಾಲ. ಆ ಎರಡು ಪೈಯನ್ನೂ ಬಿಡದೆ ಯಾರೋ ಗುಮಾಸ್ತರು ಪುಸ್ತಕಕ್ಕೆ ಏರಿಸಿದರು. ಮುಂದೆ ಅದು ಕಾರ್ಪೊರೇಷನ್ ಬ್ಯಾಂಕ್ ಆಯಿತು, 1980ರಲ್ಲಿ ರಾಷ್ಟ್ರೀಕರಣವಾಯಿತು, ದೇಶದುದ್ದಕ್ಕೂ ಶಾಖೆ ಚಾಚಿತು. ಬ್ಯಾಂಕಿನ ಕಥೆ ಹೇಳುವವರೆಲ್ಲ ಇಂದಿಗೂ ಶುರುಮಾಡುವುದು ಆ 38 ರೂಪಾಯಿಯ ಲೆಕ್ಕದಿಂದಲೇ.

2020ರ ಏಪ್ರಿಲ್ 1ಕ್ಕೆ ಆ ಹೆಸರು ಹೋಯಿತು. ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ, ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ ಸೇರಿದವು. ಅದಕ್ಕೆ ಒಂದು ವರ್ಷ ಮೊದಲು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದ ಪಾಲಾಗಿತ್ತು. ಅದಕ್ಕೂ ಎರಡು ವರ್ಷ ಮೊದಲು, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಕರಗಿತ್ತು. ಮೂರೇ ವರ್ಷದಲ್ಲಿ ಕನ್ನಡ ನೆಲದಲ್ಲಿ ಹುಟ್ಟಿ ಬೆಳೆದ ನಾಲ್ಕು ಬ್ಯಾಂಕುಗಳ ಬೋರ್ಡು ಇಳಿದವು. ಷೇರಿನ ಅನುಪಾತ, ಸಿಬ್ಬಂದಿಯ ವರ್ಗಾವಣೆ, ಐಎಫ್‌ಎಸ್‌ಸಿ ಕೋಡ್ ಬದಲಾವಣೆ ಎಲ್ಲವೂ ಪತ್ರಿಕೆಗಳಲ್ಲಿ ಚರ್ಚೆಯಾದವು. ಹಳೆಯ ಕಿರ್ದಿ, ಖಾತೆ ಪುಸ್ತಕಗಳ ಗತಿ ಏನು ಎಂದು ಕೇಳಿದವರು ಕಡಿಮೆ.

ಕೇಳಬೇಕಾದ ಪ್ರಶ್ನೆ ಅದು. ಸಿಂಡಿಕೇಟ್ ಬ್ಯಾಂಕನ್ನೇ ತೆಗೆದುಕೊಳ್ಳಿ. ನೇಕಾರರ ಕೈಗೆ ಕಾಸು ಸಿಗಲೆಂದು 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಉಡುಪಿಯಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳ ಹಾಕಿ ಕಟ್ಟಿದ ಸಂಸ್ಥೆ. 1928ರಲ್ಲಿ ಅದು ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ದಿನಾ ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ಎರಡಾಣೆ ಸಂಗ್ರಹಿಸಿ ಬರೆದುಕೊಂಡು ಬರುತ್ತಿದ್ದರು. ಒಂದು ಕೇರಿಯ ಹತ್ತು ವರ್ಷದ ಪಿಗ್ಮಿ ಪುಸ್ತಕ ಸಿಕ್ಕಿದರೆ ಆ ಕೇರಿಯ ಆರ್ಥಿಕ ಚರಿತ್ರೆಯೇ ಸಿಕ್ಕಿದಂತೆ: ಯಾರು ಯಾವ ಕಸುಬಿನವರು, ಮಳೆಗಾಲದಲ್ಲಿ ಯಾರ ಕೈ ಖಾಲಿ, ಯಾವ ತಿಂಗಳಲ್ಲಿ ಠೇವಣಿ ಮುರಿದು ಮದುವೆ ಮಾಡಿದರು, ಯುದ್ಧದ ವರ್ಷಗಳಲ್ಲಿ ಎಷ್ಟು ಮನೆಗಳ ಎರಡಾಣೆ ನಿಂತುಹೋಯಿತು. ಯಾವ ಗೆಜೆಟಿಯರ್ ಕೂಡ ಇಷ್ಟು ಹತ್ತಿರದಿಂದ ಊರನ್ನು ನೋಡಿರುವುದಿಲ್ಲ.

ಆದರೆ ಕಾನೂನಿನ ಕಣ್ಣಿಗೆ ಅದು ಅವಧಿ ಮುಗಿದ ಕಾಗದ. ಬ್ಯಾಂಕುಗಳ ದಾಖಲೆ ಸಂರಕ್ಷಣೆಯ 1985ರ ನಿಯಮಗಳು ಕೆಲವು ಪುಸ್ತಕಗಳನ್ನು ಐದು ವರ್ಷ, ಇನ್ನು ಕೆಲವನ್ನು ಎಂಟು ವರ್ಷ ಇಟ್ಟುಕೊಂಡರೆ ಸಾಕು ಎನ್ನುತ್ತವೆ. ಕಂಪನಿ ಕಾಯ್ದೆಯೂ ಲೆಕ್ಕಪುಸ್ತಕಕ್ಕೆ ಎಂಟು ವರ್ಷವನ್ನೇ ಹೇಳುತ್ತದೆ. ಅಲ್ಲಿಂದಾಚೆ ಅದು ಜಾಗ ತಿನ್ನುವ ರದ್ದಿ. ತಮ್ಮ ಇಷ್ಟದಿಂದ ಇಟ್ಟುಕೊಂಡವರೂ ಇದ್ದಾರೆ. ರಿಸರ್ವ್ ಬ್ಯಾಂಕು 1981ರಲ್ಲಿ ಪುಣೆಯಲ್ಲಿ ತನ್ನದೇ ಪತ್ರಾಗಾರ ತೆರೆಯಿತು. ಸ್ಟೇಟ್ ಬ್ಯಾಂಕಿನದು ಕೋಲ್ಕತ್ತದಲ್ಲಿದೆ. ಮುಂಬೈಯ ಗೋದ್ರೆಜ್ ಕಂಪನಿ 2006ರಲ್ಲಿ ತನ್ನ ಬೀಗ, ಬೀರುಗಳ ಚರಿತ್ರೆಗೆ ಒಂದು ವಿಭಾಗವನ್ನೇ ಮೀಸಲಿಟ್ಟಿತು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯೇ ನಾಣ್ಯಗಳ ವಸ್ತುಸಂಗ್ರಹಾಲಯವಾಗಿದೆ. ನಾಣ್ಯ ನೋಡಲು ಹೋದವರು ಮನೆಯನ್ನೂ ನೋಡಿ ಬರಬೇಕು.

ಇಷ್ಟರಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಕಾಗದಕ್ಕೆ ಕೆಲಸವಿರುವಷ್ಟು ದಿನ ಅದಕ್ಕೆ ಭಯವಿಲ್ಲ. ಸಾಲ ವಸೂಲಿಗೆ, ಜಮೀನಿನ ವ್ಯಾಜ್ಯಕ್ಕೆ, ಪಿಂಚಣಿಗೆ ಬೇಕೆಂದು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ನೂರು ವರ್ಷ ಕಳೆದ ಮೇಲೆ ಹಳತೆಂಬ ಕಾರಣಕ್ಕೇ ಅದಕ್ಕೆ ಬೆಲೆ ಬರುತ್ತದೆ. ಗಂಡಾಂತರ ಇರುವುದು ನಡುವಿನ ಆ ಕೆಲವು ವರ್ಷಗಳಲ್ಲಿ: ಕೆಲಸ ಮುಗಿದಿದೆ, ಬೆಲೆ ಇನ್ನೂ ಬಂದಿಲ್ಲ, ಮನೆಗೆ ಸುಣ್ಣ ಹೊಡೆಸಬೇಕಾಗಿದೆ, ಹೊರಗೆ ಗುಜರಿಯವನು ಕೂಗುತ್ತಿದ್ದಾನೆ. ಕರ್ನಾಟಕದ ಸ್ಥಳೀಯ ಚರಿತ್ರೆಯಲ್ಲಿ ಕಳೆದುಹೋದದ್ದರಲ್ಲಿ ಬೆಂಕಿಗೂ ದಂಡಯಾತ್ರೆಗೂ ಪಾಲಿದೆ, ನಿಜ. ಈ ಸುಣ್ಣ ಬಳಿಯುವ ಹೊತ್ತಿನ ಪಾಲು ಅದಕ್ಕಿಂತ ದೊಡ್ಡದಿರಬೇಕು.

ಕಾಗದ ಅಗ್ಗವಾಗುವ ಮೊದಲು ನಮ್ಮ ಶಾನುಭೋಗರು, ವ್ಯಾಪಾರಿಗಳು, ಮಠದ ಕರಣಿಕರು ಬರೆಯುತ್ತಿದ್ದದ್ದು ಕಡತದ ಮೇಲೆ. ಈಗ ಕಚೇರಿಯ ಫೈಲಿಗೆಲ್ಲ ಕಡತವೆನ್ನುತ್ತೇವೆ. ಮೂಲದ ಕಡತ ಬಟ್ಟೆಯದು. ಉದ್ದನೆಯ ಹತ್ತಿ ಬಟ್ಟೆಗೆ ಹುಣಸೆ ಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಎರಡೂ ಕಡೆ ಬಳಿದು ಒಣಗಿಸಿ, ಮತ್ತೆ ಬಳಿದು ಒಣಗಿಸಿ, ನೆರಿಗೆ ನೆರಿಗೆಯಾಗಿ ಮಡಿಚುತ್ತಿದ್ದರು. ಬರೆಯಲು ಬಳಪ. ತಪ್ಪಾದರೆ ಒರೆಸಬಹುದು, ಲೆಕ್ಕ ತೀರಿದರೆ ಅಳಿಸಿ ಮತ್ತೆ ಬಳಿದು ಹೊಸ ಲೆಕ್ಕ ಬರೆಯಬಹುದು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಚರಿತ್ರೆಯ ಪುಸ್ತಕದಲ್ಲಿ ಈ ಕಡತವನ್ನು ವಿವರವಾಗಿ ವರ್ಣಿಸಿದ್ದಾನೆ. ಅದರ ಬಾಳಿಕೆ ಕಂಡು ಅವನಿಗೆ ಅಚ್ಚರಿ. ಅದರ ದೌರ್ಬಲ್ಯವೂ ಅಲ್ಲೇ ಇತ್ತೆನ್ನಬೇಕು: ಬಟ್ಟೆ ಗಟ್ಟಿ, ಬರಹ ಅಳಿಸುವಂಥದ್ದು. ಒದ್ದೆ ಕೈಯೊಂದು ತಾಗಿದರೆ ಒಂದು ಗ್ರಾಮದ ಜಮಾಬಂದಿ ಹೋಯಿತು.

ಹೀಗೆ ಬರೆದದ್ದು ಎಲ್ಲಿ ಉಳಿಯಿತೆಂದರೆ, ಹಳೆಯ ಲೆಕ್ಕವನ್ನು ಒರೆಸಬೇಕಾದ ಬಡತನ ಇಲ್ಲದ ಕಡೆ. ಶೃಂಗೇರಿ ಮಠದ ದಫ್ತರ ಅದಕ್ಕೆ ದೊಡ್ಡ ನಿದರ್ಶನ. 1916ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕ ಆರ್. ನರಸಿಂಹಾಚಾರ್ ಅಲ್ಲಿ ಒಂದು ಪತ್ರಗಳ ಗಂಟು ಬಿಚ್ಚಿದರು. ಅದರಲ್ಲಿದ್ದವು ಟಿಪ್ಪು ಸುಲ್ತಾನ್ ಶೃಂಗೇರಿ ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿದ ಕಾಗದಗಳು. 1791ರಲ್ಲಿ ಮರಾಠಾ ದಂಡಿನ ಜೊತೆಗಿದ್ದವರು ಮಠವನ್ನು ದೋಚಿದ್ದು, ಶಾರದಾ ದೇವಿಯ ಪುನಃಪ್ರತಿಷ್ಠೆಗೆ ಸುಲ್ತಾನ ಹಣ, ಸಾಮಗ್ರಿ ಕಳಿಸಿದ್ದು ಎಲ್ಲ ಆ ಕಾಗದಗಳಿಂದ ಹೊರಬಿತ್ತು. ಟಿಪ್ಪುವಿನ ಬಗ್ಗೆ ನಡೆಯುವ ಜಗಳದಲ್ಲಿ ಯಾವ ಪಕ್ಷದವರೂ ಆ ಗಂಟನ್ನು ದಾಟಿ ಹೋಗುವಂತಿಲ್ಲ. ಸ್ವಾರಸ್ಯವೆಂದರೆ, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಅರಮನೆಯ ಪುಸ್ತಕ, ಪತ್ರಗಳನ್ನು ಕಂಪನಿಯವರು ಎತ್ತಿಕೊಂಡು ಹೋದರು. ಅವನು ಕನಸುಗಳನ್ನು ಬರೆದಿಟ್ಟ ಪುಸ್ತಕ ಇಂದು ಲಂಡನ್ನಿನಲ್ಲಿದೆ. ಗೆದ್ದವರ ಕೈಗೆ ಸಿಕ್ಕಿದ ಪತ್ರಗಳಲ್ಲಿ ಆಯ್ದವನ್ನು ಕರ್ನಲ್ ಕರ್ಕ್‌ಪ್ಯಾಟ್ರಿಕ್ 1811ರಲ್ಲೇ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ. ತುಂಗೆಯ ದಂಡೆಯಲ್ಲಿದ್ದ ಪತ್ರಗಳು ಬೆಳಕು ಕಾಣಲು ಇನ್ನೊಂದು ನೂರು ವರ್ಷ ಬೇಕಾಯಿತು. ಶೃಂಗೇರಿಯ ಕಡತಗಳ ಮೇಲೆ ಮುಂದೆ ವರ್ಷಾನುಗಟ್ಟಲೆ ಕೆಲಸ ಮಾಡಿದವರು ಡಾ. ಎ.ಕೆ. ಶಾಸ್ತ್ರಿ.

ಊರೂರಿನ ದಫ್ತರಗಳನ್ನು ಮೊದಲು ಸಾಲಾಗಿ ತಡಕಿದ್ದು ಒಬ್ಬ ಸೈನಿಕ ಅಧಿಕಾರಿ ಎಂಬುದನ್ನೂ ಇಲ್ಲಿ ನೆನೆಯಬೇಕು. ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಮೋಜಣಿಗೆ ಇಳಿದ. ನೆಲ ಅಳೆಯುವುದು ಅವನ ನೌಕರಿ. ಜೊತೆಗೆ ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಎಂಬ ಸಹೋದರರನ್ನೂ ಇತರ ಪಂಡಿತರನ್ನೂ ಕಟ್ಟಿಕೊಂಡು ಗ್ರಾಮಗಳ ಕೈಫಿಯತ್ತು, ಅಂದರೆ ಊರಿನ ವೃತ್ತಾಂತ, ಬರೆಸಿಕೊಂಡ. ಪಾಳೆಯಗಾರರ ಮನೆಯವರು, ಶಾನುಭೋಗರು, ಜೈನ ಬಸದಿಯ ಆಚಾರ್ಯರು ತಮ್ಮಲ್ಲಿದ್ದ ಕಡತ, ಓಲೆ ನೋಡಿ ಬರೆಸಿದರು. ಸರ್ಕಾರದವರು ಕಾಗದ ಕೇಳುತ್ತಿದ್ದಾರೆಂದರೆ ಕಂದಾಯ ಏರಿಸುವುದಕ್ಕೇ ಇರಬೇಕೆಂದು ಶಂಕಿಸಿದವರೂ ಇದ್ದರು. ಆ ಶಂಕೆಯಲ್ಲಿ ತಪ್ಪೇನೂ ಇರಲಿಲ್ಲ. ಆ ಕೈಫಿಯತ್ತುಗಳನ್ನು ಡಾ. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ಹೊರತಂದ ಮೇಲೆ ಎಷ್ಟೋ ಊರಿನವರಿಗೆ ತಮ್ಮೂರ ಹೆಸರು ಎರಡು ಶತಮಾನದ ಹಿಂದೆ ಹೇಗೆ ಬರೆಸಲ್ಪಟ್ಟಿತ್ತೆಂದು ತಿಳಿಯಿತು. ಮೆಕೆಂಜಿ ಬರೆಸಿಕೊಂಡ ಪ್ರತಿ ಇದೆ. ಯಾವ ಮೂಲ ನೋಡಿ ಬರೆಸಿದರೋ ಆ ಮನೆಯ ಕಡತಗಳಲ್ಲಿ ಬಹುಪಾಲು ಹೋಗಿವೆ.

ಹೋದದ್ದು ಯಾವಾಗ? ಎರಡು ತಾರೀಖುಗಳನ್ನು ಬೊಟ್ಟು ಮಾಡಿ ತೋರಿಸಬಹುದು. ವಂಶಪಾರಂಪರ್ಯ ಶಾನುಭೋಗಿಕೆ, ಪಟೇಲಿಕೆಗಳನ್ನು 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆ ಕೊನೆಗಾಣಿಸಿತು. ಹುಟ್ಟಿನಿಂದ ಹುದ್ದೆ ಬರುವ ಪದ್ಧತಿ ಹೋದದ್ದು ಒಳ್ಳೆಯದೇ ಆಯಿತು. ಹುದ್ದೆಯ ಜೊತೆ ಸರ್ಕಾರಿ ಲೆಕ್ಕ ತಾಲ್ಲೂಕು ಕಚೇರಿಗೆ ಹೋಯಿತು. ಶಾನುಭೋಗರ ಮನೆಯ ಅಟ್ಟದಲ್ಲಿದ್ದ ಹಳೆಯ ಪ್ರತಿಗಳನ್ನು ಕೇಳುವವರಿಲ್ಲವಾಯಿತು. ಎರಡನೆಯದು 1974ರ ಮಾರ್ಚ್ 1. ಅಂದಿನಿಂದ ಗೇಣಿ ಪದ್ಧತಿ ರದ್ದಾಗಿ, ಉಳುವವನು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತ. ಕರಾವಳಿಯಲ್ಲಿ ಮೂಲಗೇಣಿ, ಚಾಲಗೇಣಿ ಎಂದು ತಲೆಮಾರುಗಳಿಂದ ಬರೆದಿಟ್ಟ ಪುಸ್ತಕಗಳು ಮತ್ತು ಗೇಣಿ ಚೀಟಿಗಳು ಕೆಲವು ವರ್ಷ ಚಿನ್ನದಂತೆ ಬೆಲೆಬಾಳಿದವು. ಕೇಸು ಇತ್ಯರ್ಥವಾಯಿತು, ಬೆಲೆ ಇಳಿಯಿತು. ಧಣಿಗಳಿಗೆ ಆ ಪುಸ್ತಕ ನೋಡಿದರೆ ಸಂಕಟ, ಒಕ್ಕಲಿಗೆ ಆ ಚೀಟಿ ನೋಡಿದರೆ ಹಳೆಯ ಅವಮಾನ. ಇಬ್ಬರಿಗೂ ಬೇಡವಾದದ್ದನ್ನು ಕಾಯುವವರು ಯಾರು? ಮಲೆನಾಡು, ಕರಾವಳಿಯ ಬೇಸಾಯದ ಚರಿತ್ರೆ ಬರೆಯುವವರಿಗೆ ಅವಕ್ಕಿಂತ ಒಳ್ಳೆಯ ಆಧಾರ ಬೇರೆ ಇರಲಿಲ್ಲ. ಯಾವ ಗದ್ದೆಗೆ ಎಷ್ಟು ಮುಡಿ ಅಕ್ಕಿ, ಯಾವ ವರ್ಷ ನೆರೆ ಬಂದು ಗೇಣಿ ಬಿಟ್ಟರು, ಯಾವ ಒಕ್ಕಲು ಯಾಕೆ ಗದ್ದೆ ಬಿಟ್ಟು ಘಟ್ಟ ಹತ್ತಿದ, ಎಲ್ಲವೂ ಅಲ್ಲಿತ್ತು.

ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮುಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಯೋಜನೆಯನ್ನು ಕಂದಾಯ ಇಲಾಖೆ 2024ರಲ್ಲಿ ಆರಂಭಿಸಿತು. ಒಳ್ಳೆಯ ಕೆಲಸ. ಅದರ ಹಿಂದಿರುವುದೂ ಇಂದಿನ ಬಳಕೆಯೇ: ಪಹಣಿ ತಿದ್ದುವುದು, ನಕಲಿ ದಾಖಲೆ ಸೃಷ್ಟಿ ತಡೆಯುವುದು, ಜನ ಅಲೆಯದಂತೆ ನೋಡಿಕೊಳ್ಳುವುದು. ಖಾಸಗಿ ಮನೆಯ ಅಟ್ಟ ಆ ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ.

ಓದುವವರ ಕೊರತೆಯದು ಇನ್ನೊಂದು ಕಥೆ. ಪೇಶ್ವೆಗಳ ಆಳ್ವಿಕೆ ತಾಗಿದ ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯ ದೇಸಾಯಿ, ದೇಶಪಾಂಡೆ, ಕುಲಕರ್ಣಿ ಮನೆತನಗಳ ದಫ್ತರ ಮೋಡಿ ಲಿಪಿಯಲ್ಲಿದೆ. ಕೈಯೆತ್ತದೆ ಸರಸರನೆ ಬರೆದ ಆ ಬರಹವನ್ನು ಇಂದು ಸಲೀಸಾಗಿ ಓದುವವರು ಬೆರಳೆಣಿಕೆಯಷ್ಟು. ಮಲೆನಾಡಿನಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ಒಂಟಿಯಾಗಿ ಮಾಡಿದವರು ಕೆಳದಿ ಗುಂಡಾ ಜೋಯಿಸರು. ಮನೆಮನೆ ಸುತ್ತಿ ಓಲೆ, ಕಡತ, ಮೋಡಿ ಕಾಗದ ಸಂಗ್ರಹಿಸಿ ಕೆಳದಿಯಲ್ಲಿ ವಸ್ತುಸಂಗ್ರಹಾಲಯ ಕಟ್ಟಿದರು. ಅದೀಗ ಕುವೆಂಪು ವಿಶ್ವವಿದ್ಯಾಲಯದ ಸುಪರ್ದಿನಲ್ಲಿದೆ. ಒಬ್ಬ ಮನುಷ್ಯನ ಹಟದ ಮೇಲೆ ಒಂದು ಸೀಮೆಯ ಚರಿತ್ರೆ ನಿಲ್ಲುವುದು ಹೆಮ್ಮೆಯ ಸಂಗತಿಯೋ ನಾಚಿಕೆಯದೋ ಓದುಗರೇ ಹೇಳಲಿ.

ಬರಹವೇ ಇಲ್ಲದ ಮನೆಗಳ ಚರಿತ್ರೆ? ಅದಕ್ಕೂ ಈ ನೆಲದಲ್ಲಿ ಏರ್ಪಾಡಿತ್ತು. ಉತ್ತರ ಕರ್ನಾಟಕದ ಹಳ್ಳಿಗಳಿಗೆ ಸುಗ್ಗಿಯ ನಂತರ ಹೆಳವರು ಬರುತ್ತಾರೆ. ಎತ್ತಿನ ಮೇಲೆ ಕುಳಿತು ಅಂಗಳಕ್ಕೆ ಬಂದು ಮನೆತನದ ಮೂಲಪುರುಷನಿಂದ ಹಿಡಿದು ಇಂದಿನ ಕೂಸಿನವರೆಗೆ ಹೆಸರು ಹೇಳುತ್ತಾರೆ. ಯಾವ ಊರಿನಿಂದ ಯಾಕೆ ಗುಳೆ ಬಂದಿರಿ, ಎಷ್ಟು ಜನ ಅಣ್ಣತಮ್ಮಂದಿರು ಬೇರೆಯಾದಿರಿ ಎಂಬುದೂ ಅವರ ಬಾಯಲ್ಲಿ, ಅವರು ಜೋಪಾನವಾಗಿ ಕಟ್ಟಿಟ್ಟ ಪುಸ್ತಕದಲ್ಲಿ ಇರುತ್ತದೆ. ಕಾಳು, ಬಟ್ಟೆ, ಅನುಕೂಲವಿದ್ದವರು ಆಕಳನ್ನೂ ಕೊಡುತ್ತಾರೆ. ಹೆಳವರು ಹೊಸ ಹೆಸರು ಸೇರಿಸಿಕೊಂಡು ಹೋಗುತ್ತಾರೆ. ಒಂದು ಮನೆತನದ ದಾಖಲೆಯನ್ನು ಇನ್ನೊಂದು ಮನೆತನ ತಲೆಮಾರುಗಟ್ಟಲೆ ಇಟ್ಟುಕೊಂಡು ಬಂದ ಇಂಥ ವ್ಯವಸ್ಥೆಯ ಮುಂದೆ ಸರ್ಕಾರಿ ಪತ್ರಾಗಾರವೂ ಸ್ವಲ್ಪ ಸಪ್ಪೆಯೇ. ಹೆಳವರ ಮಕ್ಕಳು ಈಗ ಶಾಲೆಗೆ, ನೌಕರಿಗೆ ಹೋಗುತ್ತಿದ್ದಾರೆ; ಹೋಗಬೇಕು ಕೂಡ. ಆ ಪುಸ್ತಕಗಳ ಪ್ರತಿ ತೆಗೆಯುವ ಕೆಲಸ ಅವರ ಒಪ್ಪಿಗೆಯಿಂದ, ಅವರಿಗೆ ತಕ್ಕ ಸಂಭಾವನೆ ಕೊಟ್ಟು, ಈ ತಲೆಮಾರಿನಲ್ಲೇ ಆಗಬೇಕು.

ಮಂಗಳೂರಿಗೆ ಬಂದರೆ ದಾಖಲೆ ತಲೆಯ ಮೇಲೆಯೇ ಇದೆ. ಹಳೆಯ ಮನೆಯ ಮಾಡಿನಿಂದ ಒಂದು ಹೆಂಚು ತೆಗೆದು ಮಗುಚಿ ನೋಡಿದರೆ ಕಂಪನಿಯ ಹೆಸರು, ಊರಿನ ಹೆಸರು, ಎಷ್ಟೋ ಸಲ ಇಸವಿಯೂ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿರುತ್ತದೆ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ. ನೇತ್ರಾವತಿಯ ಜೇಡಿಮಣ್ಣು, ಘಟ್ಟದ ಸೌದೆ, ಬಂದರಿನ ಹಡಗು ಮೂರೂ ಕೈಗೆಟಕುವಂತಿದ್ದವು. ಮೂರೇ ವರ್ಷಕ್ಕೆ, 1868ರಲ್ಲಿ, ಅಲ್ಬುಕರ್ಕ್ ಕುಟುಂಬ ತನ್ನದೇ ಕಾರ್ಖಾನೆ ತೆರೆದು ಪೈಪೋಟಿಗಿಳಿಯಿತು. ಆಮೇಲೆ ಕುದ್ರೋಳಿ, ಮಲ್ಪೆ, ಕೇರಳದ ಫೆರೋಕ್ ಎಂದು ಮಿಷನ್ನಿನ ಚಿಮಣಿಗಳು ಎದ್ದವು. ಹೆಂಚಿನ ಮೇಲಿನ ಆ ಒತ್ತು ಒಂದು ಉದ್ಯಮದ ಹುಟ್ಟು, ಹಂಚಿಕೆ, ಅವಸಾನಕ್ಕೆಲ್ಲ ಸಾಕ್ಷಿ. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ಕಾಂಕ್ರೀಟು ತಾರಸಿ ಬಂತು. ಮಾಡು ಬಿಚ್ಚುವಾಗ ಒಂದೊಂದು ಬಗೆಯ ಹೆಂಚನ್ನೂ ಒಂದರಂತೆ ತೆಗೆದಿಟ್ಟರೆ ಖರ್ಚೇನೂ ಬೀಳುವುದಿಲ್ಲ.

ಹೆಂಚಿನ ಜೊತೆಗೆ ಹೋಗಬೇಕಾದ ಕಾಗದ ಇರುವುದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. 1834ರಲ್ಲಿ ಮಂಗಳೂರಿಗೆ ಬಂದಿಳಿದ ದಿನದಿಂದ ಮಿಷನರಿಗಳು ತಮ್ಮ ಕೇಂದ್ರಕ್ಕೆ ತಪ್ಪದೆ ವರದಿ ಬರೆಯುತ್ತಿದ್ದರು. ನೇಯ್ಗೆ ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆ, ಊರಿನ ಕಾಯಿಲೆ, ಕೂಲಿ, ಜಗಳ ಯಾವುದನ್ನೂ ಬಿಡಲಿಲ್ಲ. ಸಾವಿರಾರು ಫೋಟೋಗಳೂ ಅಲ್ಲಿವೆ. ಅವು ಈಗ ಅಂತರ್ಜಾಲದಲ್ಲಿ ಎಲ್ಲರಿಗೂ ನೋಡಸಿಗುತ್ತವೆ. ಆದರೆ ಹಳೆಯ ವರದಿಗಳು ಹತ್ತೊಂಬತ್ತನೆಯ ಶತಮಾನದ ಜರ್ಮನ್ ಕೂಡಕ್ಷರದಲ್ಲಿವೆ. ಜರ್ಮನ್ ಬಲ್ಲ ಇಂದಿನ ಹುಡುಗರಿಗೇ ಅದನ್ನು ಓದಲಾಗುವುದಿಲ್ಲ. ಧಾರವಾಡದ ಮೋಡಿ, ಬಾಸೆಲ್ಲಿನ ಕೂಡಕ್ಷರ, ಎರಡರ ಹಣೆಬರಹವೂ ಒಂದೇ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಇಲ್ಲಿ ಉಳಿದ ಪಾಲನ್ನು ಕಾಪಾಡಿದ್ದಾರೆ.

ಈ ಉದ್ಯಮದ ಕಥೆಯೊಳಗೆ ಯುದ್ಧ ನುಗ್ಗಿದ್ದು 1914ರಲ್ಲಿ. ಮಿಷನ್ನಿನಲ್ಲಿ ಜರ್ಮನರಿದ್ದರೆಂಬ ಕಾರಣಕ್ಕೆ ಬ್ರಿಟಿಷರು ಅವರನ್ನು ಬಂಧನದಲ್ಲಿಟ್ಟರು, ಕಾರ್ಖಾನೆಗಳನ್ನು ಶತ್ರುವಿನ ಆಸ್ತಿಯೆಂದು ವಶಪಡಿಸಿಕೊಂಡರು. ಯುದ್ಧ ಮುಗಿದ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಕಂಪನಿಯ ಕೈಸೇರಿದವು. ಅಂದರೆ ಒಂದೇ ಕಾರ್ಖಾನೆಯ ಲೆಕ್ಕ ಅರ್ಧ ಬಾಸೆಲ್ಲಿನಲ್ಲಿ, ಇನ್ನರ್ಧ ಇಂಗ್ಲಿಷ್ ಕಂಪನಿಯ ಪುಸ್ತಕದಲ್ಲಿ, ಸರ್ಕಾರದ ಆಜ್ಞೆ ಮದ್ರಾಸಿನ ದಫ್ತರದಲ್ಲಿ. ಜೆಪ್ಪುವಿನ ಕೂಲಿಯವರ ಚರಿತ್ರೆ ಬರೆಯಲು ಮೂರು ಊರು ಸುತ್ತಬೇಕು. ಸೈನ್ಯದ ಖಾಕಿಯ ಬಗ್ಗೆಯೂ ಇಲ್ಲೊಂದು ಮಾತು ಓಡಾಡುತ್ತದೆ. 1850ರ ದಶಕದಲ್ಲಿ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಖಾಕಿ ಬಣ್ಣ ತಯಾರಿಸಿದ, ಜಗತ್ತಿನ ಸೈನ್ಯಕ್ಕೆ ಖಾಕಿ ಉಡಿಸಿದ್ದು ಮಂಗಳೂರು, ಎಂದು. ವಾಯವ್ಯ ಗಡಿಯ ಗೈಡ್ಸ್ ಪಡೆ 1840ರ ದಶಕದಲ್ಲೇ ಮಣ್ಣಿನ ಬಣ್ಣದ ಉಡುಪು ತೊಟ್ಟಿತ್ತು. ಹಾಗಾಗಿ ಮಂಗಳೂರಿಗೆ ಸಲ್ಲಬೇಕಾದ ಗೌರವ ಒಗೆದರೆ ಹೋಗದ ಬಣ್ಣಕ್ಕೆ. ಉಡುಪಿನ ಕಲ್ಪನೆ ಗಡಿಯವರದು. ಊರ ಹೆಮ್ಮೆಗೆ ಇದರಿಂದ ಕುಂದೇನಿಲ್ಲ. ಸೈನ್ಯದ ದಾಖಲೆಯನ್ನೂ ಮಿಷನ್ನಿನ ದಾಖಲೆಯನ್ನೂ ಪಕ್ಕಪಕ್ಕ ಇಟ್ಟಾಗ ಮಾತ್ರ ಇಂಥ ತೀರ್ಮಾನ ಸಾಧ್ಯ.

ಸೈನ್ಯದ ದಾಖಲೆ ಬರೆಯುವುದರಲ್ಲಿ ಕಟ್ಟುನಿಟ್ಟು, ತೋರಿಸುವುದರಲ್ಲಿ ಜಿಪುಣ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ತುರ್ಕರಿಂದ ಬಿಡಿಸಿದ ಕುದುರೆಪಡೆಯಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಕಾರ್ಮೆಲ್ ಬೆಟ್ಟದ ಇಳುಕಲಿನ ಫಿರಂಗಿಗಳನ್ನು ಹಿಡಿಯಲು ಹತ್ತಿದ್ದು ಮೈಸೂರಿನ ತುಕಡಿ. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು, ಇನ್ನೆರಡು ಜೋಧಪುರ ಮತ್ತು ಹೈದರಾಬಾದಿನವು. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರೂ ಸೇರಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮಡಿದವರ ಸ್ಮಾರಕವಿದೆ. ಇಷ್ಟಾದರೂ ಆ ಲ್ಯಾನ್ಸರುಗಳು ಯಾವ ಹೋಬಳಿಯವರು, ಕುದುರೆ ಲಾಯದಲ್ಲಿದ್ದ ಸಯೀಸರು ಯಾರ ಮಕ್ಕಳು, ಮರಳಿ ಬಂದವರು ಏನು ಮಾಡಿಕೊಂಡಿದ್ದರು ಎಂದು ಕೇಳಿದರೆ ಉತ್ತರ ಸುಲಭವಾಗಿ ಸಿಗುವುದಿಲ್ಲ. ಸಂಸ್ಥಾನ ವಿಲೀನವಾಯಿತು, ಸಂಸ್ಥಾನಗಳ ಕುದುರೆಪಡೆಗಳೆಲ್ಲ 1953ರಲ್ಲಿ 61ನೇ ಕ್ಯಾವಲ್ರಿಯಾಗಿ ಒಂದುಗೂಡಿದವು. ಬ್ಯಾಂಕಿನ ವಿಲೀನದ ಕಥೆಯೇ, ಸಮವಸ್ತ್ರ ತೊಟ್ಟು ಬಂದದ್ದು.

ಬೆಂಗಳೂರಿನ ಬ್ರಿಗೇಡ್ ರಸ್ತೆ ರೆಸಿಡೆನ್ಸಿ ರಸ್ತೆಯನ್ನು ಸೇರುವಲ್ಲಿ ದಿನಾ ಸಾವಿರಾರು ಜನ ದಾಟಿಹೋಗುವ ಕಲ್ಲಿನ ಸ್ಮಾರಕವೊಂದಿದೆ. ಅದು 61ನೇ ಪಯೊನಿಯರ್ ಪಡೆಯದು. ರಸ್ತೆ ಮಾಡುವ, ಕಂದಕ ಅಗೆಯುವ ದುಡಿಮೆಯ ಸೈನಿಕರು ಅವರು. 1933ರಲ್ಲಿ ಪಯೊನಿಯರ್ ಪಡೆಗಳನ್ನೇ ವಿಸರ್ಜಿಸಿದರು. ಹಲಸೂರಿನ ಮದ್ರಾಸ್ ಸ್ಯಾಪರ್ಸ್, 1780ರಲ್ಲಿ ಹುಟ್ಟಿ ಇಂದಿಗೂ ಮುಂದುವರಿದ ಪಡೆಯಾದ್ದರಿಂದ, ತನ್ನದೇ ವಸ್ತುಸಂಗ್ರಹಾಲಯ, ದಾಖಲೆ ಕೋಣೆ ಇಟ್ಟುಕೊಂಡಿದೆ. ಪಡೆ ಉಳಿದಲ್ಲಿ ಕಾಗದವೂ ಉಳಿದಿದೆ.

ಊರುವಾರು ಸೈನಿಕರ ಪಟ್ಟಿ ಸಿಕ್ಕಿದರೆ ಏನಾಗುತ್ತದೆ ಎಂಬುದಕ್ಕೆ ಪಂಜಾಬಿನ ನಿದರ್ಶನವಿದೆ. ಮೊದಲ ಮಹಾಯುದ್ಧಕ್ಕೆ ಹೋದ ಸುಮಾರು 3 ಲಕ್ಷ 20 ಸಾವಿರ ಪಂಜಾಬಿಗಳ ಹೆಸರನ್ನು ಅಂದಿನ ಸರ್ಕಾರ ಹಳ್ಳಿ ಹಳ್ಳಿಯಾಗಿ ಬರೆಸಿತ್ತು. ಆ ಪುಸ್ತಕಗಳು ಲಾಹೋರ್ ಮ್ಯೂಸಿಯಮ್ಮಿನಲ್ಲಿ ಸುಮಾರು ನೂರು ವರ್ಷ ಯಾರ ಗಮನಕ್ಕೂ ಬಾರದೆ ಇದ್ದವು. ಬ್ರಿಟನ್ನಿನಲ್ಲಿ ನೆಲೆಸಿದ ಪಂಜಾಬಿಗಳ ಸಂಘಟನೆಯೊಂದು ಗ್ರೀನಿಚ್ ವಿಶ್ವವಿದ್ಯಾಲಯದ ಜೊತೆಗೂಡಿ 2021ರಲ್ಲಿ ಜಲಂಧರ್, ಲುಧಿಯಾನಾ, ಸಿಯಾಲ್‌ಕೋಟ್ ಜಿಲ್ಲೆಗಳ ಪುಟಗಳನ್ನು ಮೊದಲು ಅಂತರ್ಜಾಲಕ್ಕೇರಿಸಿತು. ಮೂರನೆಯ ತಲೆಮಾರಿನವರು ಮುತ್ತಜ್ಜನ ಹೆಸರು ಹುಡುಕಿಕೊಂಡರು. ಗಡಿಯ ಈಚೆಯ ಹಳ್ಳಿಯವರ ಹೆಸರನ್ನು ಕಾಪಾಡಿದ್ದು ಗಡಿಯಾಚೆಯ ಮ್ಯೂಸಿಯಂ ಎಂಬುದು ಇನ್ನೊಂದು ವಿಶೇಷ.

ಕನ್ನಡಿಗರು ಕೂಡ ಕೈಕಟ್ಟಿ ಕೂರಬೇಕಾಗಿಲ್ಲ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಪಡೆಯ ಹೆಸರು ಹಾಕಿ ಹುಡುಕಿದರೆ ಮಡಿದವರ ಪಟ್ಟಿ ಬರುತ್ತದೆ; ಎಷ್ಟೋ ಕಡೆ ತಂದೆಯ ಹೆಸರು, ಊರು, ತಾಲ್ಲೂಕು ಸಹ ಇರುತ್ತದೆ. ಬರೆದವರು ಇಂಗ್ಲಿಷ್ ಗುಮಾಸ್ತರಾದ್ದರಿಂದ ಕಾಗುಣಿತ ನಾಲ್ಕು ಬಗೆಯಲ್ಲಿ ಊಹಿಸಿ ಹುಡುಕಬೇಕು. ಮನೆಯಲ್ಲಿ ಅಜ್ಜನ ಪದಕವಿದ್ದರೆ ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಬೇಕು. ಮೊದಲ ಮಹಾಯುದ್ಧದ ಪದಕಗಳ ಅಂಚಿನಲ್ಲಿ ಸೈನಿಕನ ನಂಬರು, ಹುದ್ದೆ, ಹೆಸರು, ಪಡೆ ಕೊರೆದಿರುತ್ತದೆ. ಆ ಒಂದು ಸಾಲು ಸಾಕು, ಉಳಿದದ್ದನ್ನು ಹುಡುಕಲು ದಾರಿಯಾಗುತ್ತದೆ. ಬೆಳ್ಳಿಯೆಂದು ಅದನ್ನು ಅಕ್ಕಸಾಲಿಗನಿಗೆ ಕೊಟ್ಟರೆ ಸಿಗುವುದು ಕೆಲವೇ ತೊಲೆಯ ಬೆಲೆ.

ಕೊಡಗಿನವರು ಈ ವಿಷಯದಲ್ಲಿ ಉಳಿದವರಿಗಿಂತ ಎಚ್ಚರ. ಒಕ್ಕ (ಮನೆತನ), ಐನ್‌ಮನೆ (ಮನೆತನದ ಮೂಲಮನೆ) ಎಂಬ ಕಟ್ಟುಪಾಡು ಗಟ್ಟಿಯಾಗಿರುವುದೂ ಕಾರಣವಿರಬಹುದು. ನಡಿಕೇರಿಯಂಡ ಚಿಣ್ಣಪ್ಪ 1924ರಲ್ಲಿ ‘ಪಟ್ಟೋಲೆ ಪಳಮೆ’ಯಲ್ಲಿ ಕೊಡವರ ಹಾಡು, ಪದ್ಧತಿ ಕಲೆಹಾಕಿದರು, ಅವರ ಮೊಮ್ಮಕ್ಕಳಾದ ಬೋವೇರಿಯಂಡ ಚಿಣ್ಣಪ್ಪ, ನಂಜಮ್ಮ ದಂಪತಿ ಅದನ್ನು ಇಂಗ್ಲಿಷಿಗೆ ತಂದದ್ದಲ್ಲದೆ ಕೊಡಗಿನ ಐನ್‌ಮನೆಗಳನ್ನು ಒಂದೊಂದಾಗಿ ಕಂಡು ದಾಖಲಿಸಿದರು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರು ಬೆಳೆದ ‘ಸನ್ನಿ ಸೈಡ್’ ಮನೆ ಬಹುಕಾಲ ಆರ್‌ಟಿಒ ಕಚೇರಿಯಾಗಿತ್ತು. ಲೈಸೆನ್ಸಿಗೆ ಸಾಲು ನಿಲ್ಲುತ್ತಿದ್ದ ಆ ಮನೆ 2021ರ ಫೆಬ್ರುವರಿಯಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದರಿಂದ ವಸ್ತುಸಂಗ್ರಹಾಲಯವಾಗಿ ಉದ್ಘಾಟನೆಯಾಯಿತು. ಜನರಲ್ಲುಗಳ ನೆನಪು ಉಳಿಸುವುದು ಹೋಲಿಕೆಯಲ್ಲಿ ಸುಲಭ. ಅವರ ಕೈಕೆಳಗಿದ್ದ ಸಿಪಾಯಿಯ ಡಿಸ್ಚಾರ್ಜ್ ಪುಸ್ತಕ, ಹೆಂಡತಿಗೆ ಬರೆದ ಇನ್‌ಲ್ಯಾಂಡ್ ಲೆಟರು, ಮನಿಯಾರ್ಡರಿನ ಚೂರು ಉಳಿಸುವುದು ಕಷ್ಟ. ಪಿಂಚಣಿ ನಿಂತ ಮರುದಿನ ಅವಕ್ಕೂ ಕೆಲಸ ಮುಗಿಯುತ್ತದೆ.

ಸರ್ಕಾರದ ಕಡೆಯಿಂದ ಒಂದು ಬಾಗಿಲು ತೆರೆದಿದೆ. ಯುದ್ಧದ ದಿನಚರಿ, ಕಾರ್ಯಾಚರಣೆಯ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಕ್ಕೆ ಬಹಿರಂಗಗೊಳಿಸಬೇಕೆಂಬ ನೀತಿಯನ್ನು ರಕ್ಷಣಾ ಸಚಿವಾಲಯ 2021ರ ಜೂನ್‌ನಲ್ಲಿ ಒಪ್ಪಿತು. 1962, 1965, 1971ರ ಕಾಗದಗಳೆಲ್ಲ ಆ ಅವಧಿ ದಾಟಿವೆ. ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಮೈಸೂರು, ಕೊಡಗು ರೆಸಿಡೆನ್ಸಿಗೆ ಸಂಬಂಧಿಸಿದ ಹಳೆಯ ಕಡತಗಳನ್ನು ಮನೆಯಲ್ಲೇ ಕೂತು ಹುಡುಕಬಹುದು. ಬೆಂಗಳೂರಿನಲ್ಲಿ ‘ಸರ್ವೆಂಟ್ಸ್ ಆಫ್ ನಾಲೆಜ್’ ಬಳಗ ಹಳೆಯ ಕನ್ನಡ ಪುಸ್ತಕ, ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಇಂಟರ್‌ನೆಟ್ ಆರ್ಕೈವ್‌ಗೆ ಹಾಕುತ್ತಿದೆ.

ಮನೆಯವರು ಮಾಡಬೇಕಾದದ್ದು ಬಹಳವಿಲ್ಲ, ಮಾಡಬಾರದ್ದೇ ಹೆಚ್ಚು. ಹರಿದ ಕಾಗದಕ್ಕೆ ಸೆಲ್ಲೋಟೇಪು ಅಂಟಿಸಬಾರದು, ಅದರ ಅಂಟು ಕಾಗದವನ್ನು ಕೆಂಪಗೆ ಮಾಡಿ ಪುಡಿಗಟ್ಟಿಸುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಅದನ್ನು ಬಿಡಿಸುವ ಉಪಾಯವಿಲ್ಲ. ಕಡತವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಾರದು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಹಿರಿಯರು ಮಾಡುತ್ತಿದ್ದಂತೆ ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ ನೆಲಕ್ಕೆ ತಾಗದ ಹಾಗೆ ಇಡುವುದೇ ಮೇಲು. ಫೋನಿನಲ್ಲಿ ಫೋಟೋ ತೆಗೆಯುವಾಗ ಗಂಟಿನಲ್ಲಿ ಯಾವ ಕ್ರಮದಲ್ಲಿತ್ತೋ ಅದೇ ಕ್ರಮದಲ್ಲಿ ತೆಗೆದು ಹಾಗೆಯೇ ಕಟ್ಟಿಡಬೇಕು. ಚೆಂದ ಕಂಡ ನಾಲ್ಕು ಕಾಗದ ಆರಿಸಿ ಉಳಿದದ್ದನ್ನು ಎಸೆಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಛಾಪಾ ಕಾಗದದ ಪಕ್ಕದಲ್ಲಿದ್ದ ದಿನಸಿ ಚೀಟಿಯೇ ಅದರ ಕಾಲ, ಸಂದರ್ಭ ಹೇಳುವುದುಂಟು. ಫೋಟೋದ ಹಿಂದೆ ಹೆಸರು ಬರೆಯಲು ಪೆನ್ಸಿಲ್ ಸಾಕು. ಅದೂ ಹೆಸರು ಬಲ್ಲ ಅಜ್ಜಿ ಇರುವಾಗಲೇ.

ಮನೆಯಲ್ಲಿಡಲು ಜಾಗವಿಲ್ಲದವರಿಗೆ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ ಇದೆ, ಮೈಸೂರು, ಧಾರವಾಡಗಳಲ್ಲಿ ಅದರ ಕಚೇರಿಗಳಿವೆ. ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗವಿದೆ. ಬ್ಯಾಂಕು, ಸಹಕಾರ ಸಂಘ, ಹೆಂಚಿನ ಕಾರ್ಖಾನೆ, ಅಕ್ಕಿ ಗಿರಣಿ, ಬಸ್ ಕಂಪನಿ ನಡೆಸಿದವರು ಕಟ್ಟಡ ಮಾರುವ ಕರಾರಿಗೆ ಸಹಿ ಹಾಕುವ ಮೊದಲು ಒಳಗಿನ ಪುಸ್ತಕಗಳನ್ನು ಯಾರಿಗೆ ಒಪ್ಪಿಸುವುದೆಂದು ಬರೆದಿಡಲಿ. ಗುಜರಿಯಲ್ಲಿ ಹಳೆಯ ಲೆಡ್ಜರಿಗೆ ಸಿಗುವುದು ಕಿಲೋ ಲೆಕ್ಕದ ದರ. ಪತ್ರಾಗಾರಕ್ಕೆ ಒಂದು ಫೋನ್ ಮಾಡಿ, ಅವರು ಬೇಡವೆಂದರೆ ಆಮೇಲೆ ತೂಕಕ್ಕೆ ಹಾಕಿ.